ದೇಜಪ್ಪ ಮಾಸ್ಟ್ರ ನೀಲಿ ಗಾಜು

ಕೈಗೆ ಬಂದ ಗಾಜಿನ ಯಾವ ವಸ್ತುವನ್ನೂ ದೇಜಪ್ಪ ಮಾಸ್ಟ್ರು ಬೆಳಕಿಗೆ ಹಿಡಿಯದೆ ಕೆಳಗಿಡುತ್ತಿರಲಿಲ್ಲ. ಔಷಧದ ಕುಪ್ಪಿ, ಲಾಟೀನಿನ ಚಿಮಣಿ, ಹುಡುಗಿಯರ ಒಡೆದ ಬಳೆ, ಎಲ್ಲವೂ ಒಮ್ಮೆ ಅವರ ಹಣೆಯ ಮಟ್ಟಕ್ಕೆ ಏರಲೇಬೇಕು. ಒಂದು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಒಳಗೆ ಯಾರೋ ಇದ್ದಾರೆ ಎಂಬಂತೆ ನೋಡುವರು. ಸಿದ್ಧಕಟ್ಟೆಯ ಭಟ್ಟರ ಹೋಟೆಲಿನಲ್ಲಿ ಚಾ ತುಂಬಿದ ಗ್ಲಾಸನ್ನೂ ಹಾಗೆಯೇ ಎತ್ತುತ್ತಿದ್ದರು.

"ಹೆಣ್ಣು ನೋಡಲಿಕ್ಕೆ ಬಂದ ಹಾಗೆ ಗ್ಲಾಸು ನೋಡ್ತೀರಲ್ಲ ಮಾಸ್ಟ್ರೇ, ಚಾ ತಣೀತದೆ," ಎಂದು ಭಟ್ಟರು ಹಣದ ಗಲ್ಲೆಯಿಂದಲೇ ಕೂಗುವರು.

"ಇದರಲ್ಲಿ ಹಸಿರು ಉಂಟು ಭಟ್ರೇ. ಹೊಯ್ಗೆಯಲ್ಲಿ ಕಬ್ಬಿಣ ಇತ್ತು."

"ಚಾದಲ್ಲಿ ಇಲ್ಲವಲ್ಲ?"

"ಚಾದಲ್ಲಿ ಹಾಲೂ ಇಲ್ಲ."

ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಆ ಊರಿನ ಶಾಲೆಗೆ ಅಧ್ಯಾಪಕನಾಗಿ ಸೇರಿದ್ದು ಐವತ್ತರ ದಶಕದ ಮಧ್ಯದಲ್ಲಿ. ಮಾಸ್ಟ್ರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ವಿಜ್ಞಾನವನ್ನು ಅವರು ಗಾಜಿನಿಂದಲೇ ಆರಂಭಿಸುತ್ತಿದ್ದರು. ಹೊಯ್ಗೆ ಎಂದರೆ ಮರಳು, ಸೋಡಾ, ಚಿಪ್ಪಿನ ಸುಣ್ಣ, ಈ ಮೂರು ಸೇರಿ ಬೆಂಕಿಯಲ್ಲಿ ಕರಗಿದರೆ ಗಾಜು. "ಪ್ರಾರ್ಥನೆಗೆ ಸಾಲು ಕಟ್ಟುವ ಮೊದಲೇ ಇನ್ಸ್‌ಪೆಕ್ಟರು ಬಂದುಬಿಟ್ಟರೆ ನೀವು ಏನು ಮಾಡ್ತೀರಿ? ಎಲ್ಲಿದ್ದೀರೋ ಅಲ್ಲೇ ನಿಲ್ತೀರಿ. ಗಾಜೂ ಹಾಗೆಯೇ. ತಣಿಯುವಾಗ ಕಣಗಳಿಗೆ ಸಾಲು ಕಟ್ಟಲಿಕ್ಕೆ ಪುರುಸೊತ್ತು ಸಿಗಲಿಲ್ಲ." ಮಕ್ಕಳು ನಗುತ್ತಿದ್ದರು, ಮತ್ತೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಬಣ್ಣದ ಮಾತು ಬಂದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಕಬ್ಬಿಣದಿಂದ ಹಸಿರು, ಕೋಬಾಲ್ಟಿನಿಂದ ನೀಲಿ, ಮ್ಯಾಂಗನೀಸಿನಿಂದ ನೇರಳೆ. ಚಿನ್ನ ಹಾಕಿದರೆ ಹಳದಿ ಬರುವುದಿಲ್ಲ, ಕೆಂಪು ಬರುತ್ತದೆ ಎಂದಾಗ ಇಡೀ ತರಗತಿ "ಸುಳ್ಳು ಸಾರ್!" ಎಂದು ಕಿರುಚುತ್ತಿತ್ತು. "ಮನುಷ್ಯ ಗಾಜಿನಿಂದ ಮೊದಲು ಮಾಡಿದ್ದು ಮಣಿ," ಎನ್ನುವರು. "ಆಮೇಲೆ ಕುಪ್ಪಿ. ಎಷ್ಟೋ ಕಾಲ ಕಳೆದ ಮೇಲೆ ಕಿಟಕಿ. ಅವನಿಗೆ ಮೊದಲು ಚಂದ ಬೇಕು, ಬೆಳಕು ಆಮೇಲೆ." ಹೇಳುವಾಗ ಅವರ ಮುಖದಲ್ಲಿ ಮೆಚ್ಚುಗೆಯೇ ಇರುತ್ತಿತ್ತು.

ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಬಣ್ಣದ ಗಾಜಿನ ಚೂರುಗಳಿದ್ದವು. ಅದರಲ್ಲಿ ಎರಡು ನೀಲಿ ತುಂಡುಗಳು, ಮೂಡುಬಿದಿರೆಯಲ್ಲಿ ಕೆಡವಿದ ಯಾವುದೋ ಹಳೆಯ ಮನೆಯ ಬಾಗಿಲ ಮೇಲಿನಿಂದ ಬಂದವು. ಮಧ್ಯಾಹ್ನದ ಬಿಸಿಲಿನಲ್ಲೂ ಅವುಗಳ ಮೂಲಕ ನೋಡಿದರೆ ಅಂಗಳ ಮುಸ್ಸಂಜೆಯಂತೆ ಕಾಣುತ್ತಿತ್ತು.

ಆ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಗ್ರಹಣವೆಂದರೆ ಊರಿನಲ್ಲಿ ಒಲೆ ಹೊತ್ತುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಈ ಸಲ ಮಕ್ಕಳನ್ನೆಲ್ಲ ಶಾಲೆಯ ಅಂಗಳಕ್ಕೆ ತಂದು ತೋರಿಸಿಯೇ ಸೈ ಎಂದು ಮಾಸ್ಟ್ರು ಹಟ ತೊಟ್ಟರು. ದೀಪದ ಮಸಿ ದಪ್ಪಗೆ ಹಿಡಿಸಿದ ಗಾಜುಗಳನ್ನು ನಾವಿಬ್ಬರೂ ಕೂತು ತಯಾರಿಸಿದೆವು. ಕೊನೆಗೆ ಅವರು ಎರಡು ನೀಲಿ ತುಂಡುಗಳನ್ನು ಒಂದರ ಮೇಲೊಂದಿಟ್ಟು ನೂಲಿನಿಂದ ಕಟ್ಟಿದರು.

"ಮಸಿ ಗಾಜು ನೋಡಲಿಕ್ಕೆ ಯಾರು ಬರ್ತಾರೆ ಮಾರಾಯ? ಮೊದಲೇ ಹೆದರಿದ ಜನ. ಚಂದ ಉಂಟು ಅಂತ ಗೊತ್ತಾದರೆ ಬರ್ತಾರೆ."

ಅದರಲ್ಲಿ ಸೂರ್ಯನನ್ನು ನೋಡಿ, "ತಂಪಾಗಿ ಉಂಟು," ಎಂದು ನನಗೆ ಕೊಟ್ಟರು. ಒಂದು ಕ್ಷಣ ನೋಡಿದೆ. ತಂಪಾಗಿಯೇ ಇತ್ತು. ಪದವಿ ಪಡೆದ ನನಗೂ ಅಷ್ಟೇ ಸಾಕಾಯಿತು.

ಎಂಟನೆಯ ತರಗತಿಯ ಗಿರಿಜೆಯ ತಾಯಿ ಕಮಲಕ್ಕ, ಬೀಡಿ ಕಟ್ಟಿ ಮಗಳನ್ನು ಸಾಕುತ್ತಿದ್ದ ವಿಧವೆ. ಮಗಳನ್ನು ಕಳಿಸುವುದಿಲ್ಲ ಎಂದಿದ್ದರು. ಮಾಸ್ಟ್ರು ನನ್ನನ್ನೂ ಕರೆದುಕೊಂಡು ಅವರ ಮನೆಗೇ ಹೋದರು.

"ಬಾಗಿಲು ಹಾಕಿ ಕೂತುಕೊಳ್ಳುವ ಹೊತ್ತು ಅದು. ನೀವು ಹೊರಗೆ ಕರೀತೀರಿ," ಎಂದರು ಕಮಲಕ್ಕ.

"ಅದು ಚಂದ್ರನ ನೆರಳು ಕಮಲಕ್ಕ. ನೆರಳಿಗೆ ಯಾರಾದರೂ ಹೆದರ್ತಾರಾ?"

ಕಮಲಕ್ಕ ಬಹಳ ಹೊತ್ತು ಎಲೆ ಕತ್ತರಿಸಿದರು. "ನಿಮ್ಮ ಮಾತಿನ ಮೇಲೆ ಕಳಿಸ್ತೇನೆ ಮಾಸ್ಟ್ರೇ," ಎಂದರು.

ಆ ಬೆಳಿಗ್ಗೆಯನ್ನು ನಾನು ಇಂದಿಗೂ ಮತ್ತೆ ಮತ್ತೆ ನೋಡುತ್ತೇನೆ. ಅಂಗಳ ತುಂಬ ಮಕ್ಕಳು. ಮಸಿ ಗಾಜುಗಳನ್ನು ಕೇಳುವವರಿಲ್ಲ, ನೀಲಿಗೆ ಸಾಲು. ಮೋಡ ಬಂದು ಬಂದು ಮುಚ್ಚುತ್ತಿದ್ದುದರಿಂದ ಸಾಲಿನಲ್ಲಿ ಮುಂದಿದ್ದವರಿಗೆಲ್ಲ ಇಣುಕಿದಷ್ಟೇ ಕಂಡಿತು. ಗಿರಿಜೆಯ ಸರದಿ ಬಂದಾಗ ಆಕಾಶ ತೊಳೆದಂತೆ ತೆರೆಯಿತು.

"ನೇರಳೆ ಕತ್ತಿ ಸಾರ್! ಹುಲ್ಲು ಕೊಯ್ಯುವ ಕತ್ತಿ!" ಎಂದು ಅವಳು ಕುಣಿದಳು.

"ನೋಡು, ನೋಡು," ಎಂದರು ಮಾಸ್ಟ್ರು, ಅವಳಿಗಿಂತ ಹೆಚ್ಚು ಸಂತೋಷದಿಂದ. "ಮೋಡ ಬರುವ ಮೊದಲು ಚೆನ್ನಾಗಿ ನೋಡಿಕೋ."

ಅವಳು ಹೇಳಿದ್ದು ಕೇಳುವ ಹುಡುಗಿ. ಕಣ್ಣು ತೆಗೆಯದೆ ನೋಡಿದಳು. ಅವಳ ಹಿಂದೆ ನಿಂತಿದ್ದವನು ನಾನು. ಗಾಜು ನನ್ನ ಕೈಗೆ ಬಂದು, ಎತ್ತಿ ಹಿಡಿಯುವಷ್ಟರಲ್ಲಿ ಮೋಡ ಮುಚ್ಚಿತು. ಛೆ ಎಂದುಕೊಂಡೆ.

ಅವಳಿಗೆ ಆಗ ಯಾವ ನೋವೂ ಆಗಿರಲಿಲ್ಲ. ಮರುದಿನ ತರಗತಿಯಲ್ಲಿ ಪುಸ್ತಕವನ್ನು ಓರೆಯಾಗಿ ಹಿಡಿದು ಕೂತಿದ್ದಳು. "ನೋಡಿದ ಅಕ್ಷರ ಕಾಣುವುದಿಲ್ಲ ಸಾರ್, ಅದರ ಬದಿಯದು ಕಾಣ್ತದೆ. ನಡುವೆ ಒಂದು ಕಪ್ಪು ಉಂಟು." ಮಾಸ್ಟ್ರೇ ಅವಳನ್ನು ಮಂಗಳೂರಿನ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು. ನೀಲಿ ಗಾಜು ಕಾಣುವ ಬೆಳಕನ್ನು ತಡೆದಿತ್ತು; ಕಾಣದ ಶಾಖವನ್ನು ಬಿಟ್ಟಿತ್ತು. ಕಣ್ಣಿನ ಒಳಪೊರೆ ಸುಟ್ಟಿತ್ತು. ಸರಿಹೋಗುವಂಥದ್ದಲ್ಲ.

ಊರು ಅದಕ್ಕೆ ಬೇರೆಯೇ ಕಾರಣ ಹೇಳಿತು: ಗ್ರಹಣ ತಾಗಿದೆ. ಯಾರೂ ಮಾಸ್ಟ್ರನ್ನು ದೂರಲಿಲ್ಲ. ಆದರೆ ನೆರೆಮನೆಯ ಸೀಮಂತಕ್ಕೆ ಹೋದ ಗಿರಿಜೆಯನ್ನು ಬಸುರಿಯ ಎದುರು ಬರಬೇಡ ಎಂದು ಹೊರಗೆ ಕೂರಿಸಿದರು. ಗ್ರಹಣ ತಾಗಿದ ಹುಡುಗಿ ಎಂಬ ಹೆಸರು ಬಿದ್ದರೆ ಮುಂದೆ ಅವಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೆಡ್‌ಮಾಸ್ಟ್ರು ನಮ್ಮಿಬ್ಬರನ್ನೂ ಕರೆದು ಬಾಗಿಲು ಮುಚ್ಚಿದರು. "ಜನ ಗ್ರಹಣ ಅಂತ ಹೇಳ್ತಿದ್ದಾರೆ. ಹೇಳಲಿ ಬಿಡಿ. ನಿಮಗೂ ಒಳ್ಳೆಯದು, ಶಾಲೆಗೂ ಒಳ್ಳೆಯದು."

"ಹುಡುಗಿಗೆ?" ಎಂದರು ದೇಜಪ್ಪ ಮಾಸ್ಟ್ರು.

ನಾನು ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದೆ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಅವರು ಕಮಲಕ್ಕನ ಮನೆಗೆ ಹೊರಟರು. ನಾನೂ ಹೋದೆ, ಆದರೆ ಬೇಲಿ ದಾಟುವ ತಡಮೆಯ ಬಳಿಯೇ ನಿಂತೆ. ಕಮಲಕ್ಕ ನೀರು, ಬೆಲ್ಲ ತಂದಿಟ್ಟು ಅವರನ್ನೇ ಸಮಾಧಾನಪಡಿಸಿದರು.

"ಗ್ರಹಣಕ್ಕೆ ನೀವೇನು ಮಾಡ್ಲಿಕ್ಕೆ ಆಗ್ತದೆ ಮಾಸ್ಟ್ರೇ? ಕಳಿಸಿದವಳು ನಾನು. ಪಾಪ ನನ್ನದು."

"ಗ್ರಹಣ ಅಲ್ಲ ಕಮಲಕ್ಕ. ನನ್ನ ಗಾಜು." ಅವರು ಎಷ್ಟು ಹೇಳಿದರೂ ಕಮಲಕ್ಕ ತಲೆ ಅಲ್ಲಾಡಿಸಿದರು. ಆಗ ಮಾಸ್ಟ್ರು ಮೊರದಿಂದ ಒಂದು ಒಣ ಬೀಡಿ ಎಲೆ ತೆಗೆದು ಬಿಸಿಲಿನ ಕಲ್ಲಿನ ಮೇಲಿಟ್ಟರು. ಜೇಬಿನಿಂದ ಭೂತಗನ್ನಡಿ ತೆಗೆದು, ಅದರ ಕೆಳಗೆ ನೀಲಿ ಗಾಜು ಹಿಡಿದರು. ಎಲೆಯ ಮೇಲೆ ಮಂಕಾದ ನೇರಳೆ ಚುಕ್ಕೆ ಬಿತ್ತು, ಇದೆಯೋ ಇಲ್ಲವೋ ಎಂಬಷ್ಟು.

"ಬೆಳಕು ಉಂಟಾ?"

"ಇಲ್ಲ."

ಸ್ವಲ್ಪ ಹೊತ್ತಿಗೆ ಆ ಚುಕ್ಕೆಯಿಂದ ಹೊಗೆಯ ಎಳೆಯೊಂದು ಎದ್ದಿತು. ಎಲೆಯಲ್ಲಿ ತೂತು ಬಿತ್ತು. ಕಮಲಕ್ಕ ಅದನ್ನು ಎತ್ತಿ, ತೂತಿನ ಅಂಚನ್ನು ಬೆರಳಿನಿಂದ ಸವರಿದರು.

"ಹೀಗೆಯೇ ಆಯಿತಾ, ಅವಳ ಕಣ್ಣಲ್ಲಿ?"

"ಹೌದು."

"ಇದನ್ನು ಗ್ರಹಣಕ್ಕೆ ಮೊದಲೇ ಮಾಡಿ ನೋಡ್ಲಿಕ್ಕೆ ನಿಮಗೆ ಏನಾಗಿತ್ತು?"

ತಡಮೆಯ ಬಳಿ ನಿಂತಿದ್ದ ನನ್ನ ಕಡೆಗೂ ಕಮಲಕ್ಕ ಒಮ್ಮೆ ನೋಡಿದರು. ನಂತರ ಅವರ ಬಾಯಿಂದ ಬಂದ ತುಳು ಬೈಗುಳಗಳನ್ನು ನಾನು ಬರೆಯಲಾರೆ. "ಪಿದಾಯಿ ಪೋಲೆ!" ಎಂದು, ಹೊರಗೆ ಹೋಗಿ ಎಂದು, ಇಡೀ ಬೈಲಿಗೆ ಕೇಳುವಂತೆ ಕೂಗಿದರು.

ತಡಮೆ ದಾಟಿದ ಮೇಲೆ ಮಾಸ್ಟ್ರು ನನ್ನ ಭುಜ ಹಿಡಿದುಕೊಂಡರು. "ಅವರಿಗೆ ಅರ್ಥ ಆಯಿತು ಮಾರಾಯ," ಎಂದರು.

ಕಮಲಕ್ಕ ಸುಮ್ಮನಿರಲಿಲ್ಲ. ಬಾವಿಕಟ್ಟೆಯಲ್ಲಿ, ಬೀಡಿಯ ಡಿಪೋದಲ್ಲಿ ಎಲ್ಲ ಕಡೆ ಹೇಳಿದರು: ಮಗಳಿಗೆ ಗ್ರಹಣವೂ ಇಲ್ಲ, ದೋಷವೂ ಇಲ್ಲ, ಆ ಮಾಸ್ಟ್ರ ಗಾಜು ಸುಟ್ಟದ್ದು. ಸುಟ್ಟ ಎಲೆಯನ್ನೇ ತೋರಿಸುತ್ತಿದ್ದರು. ನಿಧಾನವಾಗಿ ಗಿರಿಜೆಯನ್ನು ಜನ ಮನೆಯೊಳಗೆ ಕರೆದರು, ಮಾಸ್ಟ್ರನ್ನು ಬಿಟ್ಟರು. ಭಟ್ಟರು ತಮಾಷೆ ನಿಲ್ಲಿಸಿ, ಮಾತಿಲ್ಲದೆ ಚಾ ಇಡತೊಡಗಿದರು. ಆ ವರ್ಷ ಮುಗಿಯುವ ಮೊದಲೇ ಮಾಸ್ಟ್ರು ಕೇಳಿಕೊಂಡು ಮುಂಡಾಜೆ ಕಡೆಗೆ ವರ್ಗವಾಗಿ ಹೋದರು. ನಾನು ಎಲ್ಲಿಯೂ ಹೋಗಲಿಲ್ಲ. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ.

ಅರವತ್ತರ ದಶಕದಲ್ಲಿ ಗಿರಿಜೆಗೆ ಫರಂಗಿಪೇಟೆಯ ಕಡೆಗೆ ಮದುವೆಯಾಯಿತು. ಮಗುವೂ ಆಯಿತು. ಆ ಸಂತೋಷದಲ್ಲಿ ಕಮಲಕ್ಕ ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು. "ದೇಜಪ್ಪ ಮಾಸ್ಟ್ರು ಸಿಕ್ಕಿದರೆ ಹೇಳಿ, ನನಗೆ ಈಗ ಸಿಟ್ಟಿಲ್ಲ. ಪಾಪ, ಅವರದ್ದೇನು ತಪ್ಪು? ಎಲ್ಲ ಆ ಗ್ರಹಣದ್ದೇ."

ಅದೇ ತಿಂಗಳು ಬೆಳ್ತಂಗಡಿಯ ಬಸ್ಸು ನಿಲ್ಲುವಲ್ಲಿ ಮಾಸ್ಟ್ರು ಸಿಕ್ಕಿದರು. ತೀರ ಇಳಿದುಹೋಗಿದ್ದರು, ಕೊಡೆಯನ್ನು ಊರುಗೋಲಿನಂತೆ ಹಿಡಿದಿದ್ದರು. ಗಿರಿಜೆಯ ಮದುವೆ, ಮಗು, ಎಲ್ಲವನ್ನೂ ಹೇಳಿದೆ. ಮಗುವಿನ ಕಣ್ಣು ಹೇಗುಂಟು ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟು ಅವರು ತಿರುಗಿದರು.

"ಕಮಲಕ್ಕ ಈಗ ಏನು ಹೇಳ್ತಾರೆ?"

"ಬೈತಾರೆ ಮಾಸ್ಟ್ರೇ," ಎಂದೆ. "ಈಗಲೂ ನಿಮ್ಮ ಗಾಜನ್ನೇ ಬೈತಾರೆ."

"ಬೈಯಲಿ. ಗ್ರಹಣ ಅಲ್ಲ ಅಂತ ನೆನಪುಂಟಲ್ಲ," ಎಂದರು. ಆ ಗ್ರಹಣದ ಬೆಳಿಗ್ಗೆಯ ನಂತರ ಅವರ ಮುಖದಲ್ಲಿ ನಾನು ನಗು ಕಂಡದ್ದು ಅದೊಂದೇ ಸಲ. ಕಂಡಕ್ಟರು ಸೀಟಿ ಊದಿದ. ಮತ್ತೆ ನಾನು ಅವರನ್ನು ನೋಡಲಿಲ್ಲ. ತಲುಪಿಸಲೆಂದು ಕಮಲಕ್ಕ ಕೊಟ್ಟ ಕ್ಷಮೆ ನನ್ನಲ್ಲೇ ಉಳಿದಿದೆ; ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ.