ಕುಕನೂರಿನ ಕೆಂಪು, ಗಂಗಾವತಿಯ ಕೆಂಪು

ನನಗೆ ಕೆಂಪು ಕಾಣುತ್ತದೆ, ಕೆಂಪುಗಳು ಕಾಣುವುದಿಲ್ಲ. ಇದನ್ನು ಕಣ್ಣಿನ ರೋಗವೆಂದು ತಿಳಿಯಬೇಡಿ. ಹಸಿರನ್ನು ಹಸಿರೆನ್ನುತ್ತೇನೆ, ಹಳದಿಯನ್ನು ಹಳದಿ ಎನ್ನುತ್ತೇನೆ. ಆದರೆ ಎರಡು ಕೆಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಚೆಂದ ಎಂದು ಕೇಳಿದರೆ, ಪಾಠ ಬಾರದ ಹುಡುಗನ ಹಾಗೆ ಕೇಳಿದವರ ಮುಖವನ್ನೇ ನೋಡುತ್ತೇನೆ. ಅಲ್ಲಿ ಉತ್ತರ ಸಿಕ್ಕರೆ ಪಾರಾದೆ. ಒಮ್ಮೆ ಮಾತ್ರ ಕೇಳಿದವರು ಇಬ್ಬರಿದ್ದರು, ಇಬ್ಬರ ಮುಖದಲ್ಲೂ ಬೇರೆ ಬೇರೆ ಉತ್ತರವಿತ್ತು. ಒಬ್ಬಳು ನನ್ನ ಅವ್ವ, ಇನ್ನೊಬ್ಬಳು ನನ್ನ ಹೆಂಡತಿ.

ಆಗ ನಾನು ಯಲಬುರ್ಗಾದ ಸರಕಾರಿ ಶಾಲೆಯಲ್ಲಿ ಮಾಸ್ತರ. ಹೊರಗೆಲ್ಲೋ ಮಹಾಯುದ್ಧ ನಡೆದಿತ್ತು. ನಮ್ಮದು ನಿಜಾಮರ ಸೀಮೆಯಾದ್ದರಿಂದ ಕನ್ನಡದ ಹುಡುಗರಿಗೆ ಕನ್ನಡದವನಾದ ನಾನು ಉರ್ದುವಿನಲ್ಲಿ ಗಣಿತ ಕಲಿಸುತ್ತಿದ್ದೆ. ಲೆಕ್ಕ ತಪ್ಪಿದಲ್ಲಿ ಕೆಂಪು ಶಾಯಿಯಿಂದ ಗೀಟು ಎಳೆಯುತ್ತಿದ್ದೆ. ಕೆಂಪಿನೊಡನೆ ನನಗಿದ್ದ ವ್ಯವಹಾರ ಅಷ್ಟೇ. ಆ ಶಾಯಿ ಕುಂಕುಮದ ಕೆಂಪೋ ಇಟ್ಟಿಗೆಯ ಕೆಂಪೋ ಎಂದು ಯಾವ ಹುಡುಗನೂ ತಕರಾರು ತೆಗೆದಿರಲಿಲ್ಲ.

ನಮ್ಮ ಕಡೆ ಮಹಾನವಮಿ ಎಂದರೆ ಮನೆಯನ್ನು ತಲೆಕೆಳಗು ಮಾಡುವ ಹಬ್ಬ. ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತವೆ, ಗಡಿಗೆಗಳೆಲ್ಲ ಅಂಗಳಕ್ಕೆ ಬರುತ್ತವೆ, ಗಂಡಸರು ಎಲ್ಲಿ ಕೂತರೂ ಅಲ್ಲಿಂದ ಏಳಬೇಕಾಗುತ್ತದೆ. ಆಮೇಲೆ ಗೋಡೆಗೆ ಸುಣ್ಣ. ಗೋಡೆಯ ಬುಡಕ್ಕೆ, ಬಾಗಿಲ ಸುತ್ತ, ಕಟ್ಟೆಯ ಅಂಚಿಗೆ ಗೇಣಗಲದ ಕೆಂಪು ಪಟ್ಟಿ. ಇದಕ್ಕೆ ಕಾರಣಿ ಎನ್ನುತ್ತೇವೆ. ಸುಣ್ಣ ಎಲ್ಲರ ಮನೆಗೂ ಒಂದೇ, ಕಾರಣಿ ಮಾತ್ರ ಆಯಾ ಮನೆಯದು. ಕಾರಣಿಯ ಬಣ್ಣ ನೋಡಿದರೆ ಒಳಗೆ ಯಾರ ಮಾತು ನಡೆಯುತ್ತದೆಂದು ತಿಳಿಯುತ್ತದೆ ಎನ್ನುತ್ತಿದ್ದರು ನಮ್ಮ ಓಣಿಯ ಹೆಂಗಸರು. ಹೇಗೆಂದು ಕೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಅವ್ವನ ಮಾತು. ಅವ್ವನ ತವರು ಕುಕನೂರು. ಅಲ್ಲಿಯ ಸಂತೆಯಲ್ಲಿ ಸಿಗುವ ಹುರಮಂಜು, ಅಂದರೆ ಕೆಂಪು ಕಲ್ಲಿನ ಪುಡಿ, ಪ್ರತಿವರ್ಷ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಿತ್ತು. ನನ್ನ ಹೆಂಡತಿ ಗಿರಿಜೆ ಗಂಗಾವತಿಯ ಆಚೆ ಹೊಳೆಸಾಲಿನ ಹಳ್ಳಿಯವಳು, ನೆಲ್ಲು ಬಾಳೆ ಬೆಳೆಯುವ ಕಡೆಯವಳು. ಮದುವೆಯಾದ ಮರುವರ್ಷ ತವರಿಗೆ ಹೋಗಿ ಬಂದವಳ ಕೈಯಲ್ಲಿ ಬಾಳೆನಾರಿನಿಂದ ಬಿಗಿದ ಒಂದು ಗಂಟಿತ್ತು. ಬಾಳೆಹಣ್ಣಿರಬೇಕೆಂದು ಆಸೆಯಿಂದ ನಾನೇ ಬಿಚ್ಚಿದೆ. ಒಳಗೆ ಕೆಮ್ಮಣ್ಣು.

"ಅತ್ತಿ, ಈ ಸಲ ಬಾಗಲಿಗೆ ಇದನ್ನ ಹಚ್ಚೂಣೇನ್ರಿ?" ಎಂದಳು ಗಿರಿಜೆ.

ಅವ್ವ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿದಳು. "ಛಲೋ ಐತಿ. ಹಿತ್ತಲದಾಗ ದನ ಕಟ್ಟೂ ಕಡೆ ಹಚ್ಚಿದ್ರಾತು."

ಗಿರಿಜೆ ಎದುರುತ್ತರ ಕೊಡುವವಳಲ್ಲ. ನನ್ನ ಹತ್ತಿರ ಬಂದು ಅತ್ತಳು. ಒಂದು ಮುಷ್ಟಿ ಮಣ್ಣಿಗೆ ಇಷ್ಟು ಕಣ್ಣೀರು ಯಾಕೆಂದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿಯೂ ಬಿಟ್ಟೆ.

"ಹಬ್ಬಕ್ಕ ನಮ್ಮಪ್ಪ ಬರಾಕತ್ಯಾನ್ರಿ," ಎಂದಳು. "ನೀರಿಲ್ಲದ ಊರಿಗೆ ಮಗಳನ್ನ ಕೊಟ್ಟೆ ಅಂತ ಅವಗ ಇವತ್ತಿಗೂ ಕಸಿವಿಸಿ. ಮಗಳು ಒಗ್ಗಿಲ್ಲ ಅನಿಸಿದ್ರ ಹೊಳ್ಳಿ ಕರ್ಕೊಂಡು ಬರ್ತೀನಿ ಅಂತ ನಮ್ಮವ್ವನ ಮುಂದ ಹೇಳ್ಯಾನ. ಅಪ್ಪನ ಎದುರು ನಿಂತು ನಾ ಛಲೋ ಅದೀನಿ ಅನ್ನಾಕ ನನಗ ಬಾಯಿ ಬರಂಗಿಲ್ಲ. ಬಾಗಲ್ದಾಗ ನಮ್ಮ ಬಣ್ಣ ಕಂಡ್ರ ಅವಗ ತಾನ ತಿಳಿತೈತಿ, ಈ ಮನಿ ನಂದೂ ಆಗೇತಿ ಅಂತ."

"ಕಾಣದಿದ್ರ?"

"ಕರ್ಕೊಂಡು ಹೋಗ್ತಾನ. ನನಗ ಹೋಗೂದು ಬ್ಯಾಡ್ರಿ."

ಮದುವೆಯಾದಾಗಿನಿಂದ ಅವಳು ನನಗೆ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಸಿಹಿಯಾದದ್ದು ಇರಲಿಲ್ಲ. ಅದನ್ನು ಒಂದು ಗಂಟು ಮಣ್ಣಿನ ನೆಪದಲ್ಲಿ ಹೇಳಿದಳು, ಇರಲಿ. ನನಗೂ ಅವಳು ಹೋಗುವುದು ಬೇಡವಾಗಿತ್ತು. ಆದರೆ ಹಾಗೆಂದು ಅವ್ವನ ಎದುರು ನಿಂತು ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ. ಆ ಮಟ್ಟಿಗೆ ನಾವು ಸರಿಜೋಡಿ.

ಅವ್ವ ನ್ಯಾಯವಂತಳು. ಹಿತ್ತಲ ಗೋಡೆಗೆ ಎರಡೂ ಬಣ್ಣವನ್ನು ಒಂದೊಂದು ಅಂಗೈಯಷ್ಟು ಬಳಿದು, ಒಣಗಲು ಬಿಟ್ಟು, ನನ್ನನ್ನು ಕರೆದಳು. "ತಮ್ಮಾ, ಓದಿದಾಂವ ನೀ. ಖರೇ ಹೇಳು, ಯಾವುದು ಛಲೋ?"

ನಾನು ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. "ಎರಡೂ ಒಂದ ಅದಾವಲ್ಲ!" ಎಂದೆ.

ಇಂಥ ಹೊತ್ತಿನಲ್ಲಿ ಸತ್ಯ ಹೇಳಬಾರದು. "ಕಣ್ಣೇನು ಸಾಲ್ಯಾಗ ಬಿಟ್ಟು ಬಂದೀಯೇನು?" ಎಂದಳು ಅವ್ವ. ಗಿರಿಜೆಯ ಉತ್ತರ ಊಟದ ಹೊತ್ತಿಗೆ ಬಂತು. ಆ ಹೊತ್ತು ನನ್ನ ತಾಟಿಗೆ ಬಿದ್ದ ರೊಟ್ಟಿಯ ಸಪ್ಪಳವೇ ಸಾಕಿತ್ತು. ಅವ್ವನ ಪ್ರಕಾರ ತನ್ನದು ತುಂಬಿದ ಬಣ್ಣ, ಸೊಸೆಯದು ಬಿಳಿಚಿಕೊಂಡದ್ದು. ಗಿರಿಜೆಯ ಪ್ರಕಾರ ತನ್ನದು ಎಳೆಬಿಸಿಲಿನ ಬಣ್ಣ, ಅತ್ತೆಯದು ಕರಕಲು. ನನ್ನ ಕಣ್ಣಿಗೆ ಎರಡೂ ಮಣ್ಣು.

ತಪ್ಪು ನನ್ನೊಬ್ಬನದೇ ಅಲ್ಲವೆಂದು ಆಗ ಪುಸ್ತಕಗಳ ಮೊರೆ ಹೊಕ್ಕೆ. ಸಂಸ್ಕೃತದ ಪಂಡಿತರು ಕೆಂಪಿಗೆ ಅರುಣ, ಶೋಣ, ಲೋಹಿತ, ಪಾಟಲ ಎಂದು ಹೆಸರುಗಳ ರಾಶಿಯನ್ನೇ ಹಾಕಿದ್ದಾರೆ. ಆದರೆ ಇವೆಲ್ಲ ಸೂರ್ಯನಿಗೆ, ಕಮಲಕ್ಕೆ, ರಾಜಕುಮಾರಿಯ ತುಟಿಗೆ. ಕಾರಣಿಗೆ ಒಂದೂ ಹೊಂದುವುದಿಲ್ಲ. ನಾನು ಕಲಿಸುತ್ತಿದ್ದ ಉರ್ದುವಿನಲ್ಲಿ ಲಾಲ್ ಇದೆ, ಸುರ್ಖ್ ಇದೆ. ಎರಡಕ್ಕೂ ವ್ಯತ್ಯಾಸವೇನೆಂದು ನಮ್ಮ ಹೆಡ್ ಮಾಸ್ತರರನ್ನು ಕೇಳಿದೆ. ಅವರು ಬಹಳ ಹೊತ್ತು ಗಡ್ಡ ನೀವಿಕೊಂಡು, "ಮನಿಯಾಗ ಆರಾಮ ಇದ್ದೀರಲ್ಲ?" ಎಂದರು. ಈ ವಿಷಯದಲ್ಲಿ ನಿಜವಾದ ವಿದ್ವಾಂಸರೆಂದರೆ ಎತ್ತಿನ ಸಂತೆಯ ದಲಾಲರು. ಕೆಂದ ಎತ್ತು ಎಂದರೆ ಅವರಿಗೆ ಸಾಲದು; ಕೊಂಬಿನ ಬುಡದಲ್ಲಿ ಎಂಥ ಕೆಂಪು, ಬಾಲದ ತುದಿಯಲ್ಲಿ ಎಂಥ ಕೆಂಪು ಎಂದು ಗಂಟೆಗಟ್ಟಲೆ ಜಗಳಾಡಬಲ್ಲರು. ಆದರೆ ದಲಾಲರನ್ನು ಮನೆಗೆ ಕರೆತಂದು ಅತ್ತೆ ಸೊಸೆಯರ ನಡುವೆ ನಿಲ್ಲಿಸುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಯುದ್ಧಕ್ಕೆ ಮೊದಲು ತಂದ ಎಣ್ಣೆಬಣ್ಣದ ಒಂದು ಡಬ್ಬಿ ಗೆಳೆಯನ ಮನೆಯಲ್ಲಿತ್ತು. ಗದಗಿನಿಂದ ಬಂದು, ಗಡಿಯಲ್ಲಿ ಕರೋಡಗಿರಿಯವರಿಗೆ ಸುಂಕ ಕಟ್ಟಿ ದಾಟಿದ ಮಾಲು. ಅದೂ ಕೆಂಪೇ. ಕುಕನೂರೂ ಬೇಡ, ಗಂಗಾವತಿಯೂ ಬೇಡ, ಇದನ್ನೇ ಬಳಿದುಬಿಡೋಣ ಎಂದೆ.

"ಮನೀನ ತಹಸೀಲ ಕಚೇರಿ ಮಾಡ್ತೀಯೇನು?" ಎಂದಳು ಅವ್ವ.

"ಅಯ್ಯ, ನಾಕ್ ಮಂದಿ ನಗಬೇಕೇನ್ರಿ?" ಎಂದಳು ಗಿರಿಜೆ.

ಆ ಒಂದು ದಿನ ಅವರಿಬ್ಬರೂ ಬಹಳ ಅನ್ಯೋನ್ಯವಾಗಿದ್ದರು. ನನ್ನನ್ನು ಹೊರಗಟ್ಟಿ, ಪಡಸಾಲೆಯಲ್ಲಿ ಕೂತು, ಒಟ್ಟಿಗೆ ಕಡಲೆ ಹುರಿದು ತಿಂದರು.

ಸುಣ್ಣ ಹಚ್ಚುವ ಮೊದಲು ಹಳೆಯ ಬಣ್ಣವನ್ನು ಕೆರೆಯಬೇಕು. ಶಾಲೆಗೆ ರಜೆ ಬಂದಿತ್ತು. ಕಳೆ ಕೀಳುವ ಕುರ್ಪಿ ಹಿಡಿದು ಬಾಗಿಲ ಪಕ್ಕ ಕೂತೆ. ಕೆರೆಯುತ್ತಿದ್ದಂತೆ ಅಂಗೈಯಗಲದ ಒಂದು ಹಕ್ಕಳೆ ಕಳಚಿ ಬಿತ್ತು. ಅದರ ಅಂಚಿನಲ್ಲಿ ಬಣ್ಣಗಳು ಪದರು ಪದರಾಗಿ ಕಾಣುತ್ತಿದ್ದವು. ಅವ್ವ ಅದನ್ನೆತ್ತಿ ಬಿಸಿಲಿಗೆ ಹಿಡಿದಳು, ತಿರುಗಿಸಿ ಹಿಂಬದಿ ನೋಡಿದಳು. ಎಲ್ಲಕ್ಕಿಂತ ಒಳಗಿನ ಪದರೂ ಕೆಂಪೇ. ನನಗೆ ಅದೂ ಉಳಿದವುಗಳಂತೆಯೇ ಕಂಡಿತು.

"ಇದು ನಮ್ಮತ್ತೀದು," ಎಂದಳು ಅವ್ವ. "ತನ್ನ ತವರಮನಿ ಹನುಮಸಾಗರದಿಂದ ತರಸ್ತಿದ್ಳು."

"ಮತ್ತ ಬದಲಾದದ್ದು ಯಾವಾಗ?"

"ಆಕಿ ಹಾಸಿಗಿ ಹಿಡಿದ ವರ್ಷ. ಅಲ್ಲೀತನಕ ಬಾಗಲಿಗೆ ನನಗ ಬೆರಳು ಹಚ್ಚಗೊಟ್ಟಿರಲಿಲ್ಲ. ಆ ವರ್ಷ ಕುಕನೂರಿಂದು ತರಿಸಿ ಹಚ್ಚಿದೆ. ಒಳಗ ಹೋದ್ರ, ಯಾವ ಬಣ್ಣ ಹಚ್ಚಿದೆವ್ವಾ ಅಂತ ಮಲಗಿದಲ್ಲಿಂದನ ಕೇಳಿದ್ಳು. ನಿಮ್ಮದ ರೀ ಅತ್ತಿ ಅಂದೆ." ಅವ್ವ ಹಕ್ಕಳೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. "ಆಕಿಗೆ ಸಮಾಧಾನ ಆತು. ನನಗ ಆಗಲಿಲ್ಲ."

ಆಮೇಲೆ ಹಕ್ಕಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಇನ್ನು ಬಣ್ಣದ ಮಾತು ಬಗೆಹರಿಯಿತೆಂದು ನಾನು ತಿಳಿದೆ. ಎಲ್ಲಿಯ ಬಗೆಹರಿಯುವುದು! ಸಂಜೆ ನೋಡಿದರೆ ಅವ್ವ ಎಂದಿನಂತೆ ತನ್ನ ಹುರಮಂಜನ್ನು ಗಡಿಗೆಯಲ್ಲಿ ನೆನೆಹಾಕುತ್ತಿದ್ದಾಳೆ.

ಬಣ್ಣ ಗೋಡೆಗೆ ಹಿಡಿಯಲೆಂದು ಅದಕ್ಕೆ ಏನಾದರೂ ಅಂಟು ಬೆರೆಸುವುದು ಪದ್ಧತಿ. ಅವ್ವ ಜಾಲಿಗಿಡದ ಅಂಟು ಹಾಕಿದಳು. ಗಿರಿಜೆಯೂ ಹಟ ಬಿಡದೆ ಅಂಥದೇ ಇನ್ನೊಂದು ಗಡಿಗೆಯಲ್ಲಿ ತನ್ನ ಕೆಮ್ಮಣ್ಣು ನೆನೆಹಾಕಿ, ತವರಿನ ರೂಢಿಯಂತೆ ಅಕ್ಕಿಯ ಗಂಜಿ ಸುರಿದಳು. ಅವ್ವ ಅದನ್ನು ನೋಡಿ, "ನಾವು ಹಬ್ಬಕ್ಕೊಮ್ಮೆ ಅನ್ನ ಕಾಣ್ತೀವಿ. ಹೊಳಿಸಾಲಿನವ್ರು ಮಣ್ಣಿಗೂ ಉಣ್ಣಾಕ ಹಾಕ್ತಾರವ್ವ!" ಎಂದಳು.

ದೀಪ ಹಚ್ಚುವ ಹೊತ್ತಿಗೆ ಹಸ್ತದ ಮಳೆ ಹನಿಯತೊಡಗಿತು. ಹೆಂಗಸರಿಬ್ಬರೂ ಒಣಹಾಕಿದ ಕೌದಿಗಳ ಹಿಂದೆ ಓಡಿದರು. ಜಗತ್ತಿಗೆ ಉಪಕಾರ ಮಾಡುವ ಬುದ್ಧಿ ನನಗೆ ಬಂದು, ಎರಡೂ ಗಡಿಗೆಗಳನ್ನು ಎತ್ತಿ ಪಡಸಾಲೆಗೆ ತಂದಿಟ್ಟೆ. ಯಾವುದು ಯಾರದೆಂದು ನೋಡಿಕೊಳ್ಳಬೇಕೆಂಬ ಬುದ್ಧಿ ಮಾತ್ರ ಬರಲಿಲ್ಲ.

ಮರುದಿನ ಬೆಳಗ್ಗೆ ವಿಚಾರಣೆಯಾಯಿತು. ಎಡಕ್ಕಿದ್ದದ್ದು ಯಾವುದು, ಬಲಕ್ಕಿದ್ದದ್ದು ಯಾವುದು ಎಂದರೆ ನಾನು ಏನು ಹೇಳಲಿ? "ಗಡಿಗಿ ಎತ್ತಿಡೂದು ಸೈತ ಬರಂಗಿಲ್ಲ ನಿನಗ," ಎಂದು ಬಯ್ದು, ಅವ್ವ ಒಂದು ಗಡಿಗೆಯ ಮೇಲೆ ಬಗ್ಗಿದಳು. ಕೈ ಹಾಕಿ ಕಲಕಿದಳು, ಬೆರಳನ್ನು ಮೂಗಿನ ಹತ್ತಿರ ತಂದಳು. ಅವ್ವನಿಗೆ ನಶ್ಯದ ಚಟವಿತ್ತು. ಆ ಮೂಗು ವಾಸನೆಯ ಕೆಲಸದಿಂದ ಎಂದೋ ನಿವೃತ್ತಿಯಾಗಿದೆ ಎಂದು ಮನೆಯಲ್ಲಿ ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

"ಇದ ನಂದು," ಎಂದಳು ಅವ್ವ. "ಕುಕನೂರ ಹುರಮಂಜು ಅಂದ್ರ ಹಿಂಗಿರತೈತಿ. ಬಾಗಲಿಗೆ ಇದನ್ನ ಹಚ್ಚೂದು. ಗಿರಿಜಾ, ನಿಂದನ್ನ ಹಿತ್ತಲಕ್ಕ ಹಚ್ಚು."

ಗಿರಿಜೆ ಬಗ್ಗಿ ಆ ಗಡಿಗೆಯೊಳಗೆ ನೋಡಿದಳು, ಬಾಯಿ ತೆರೆದಳು, ಮುಚ್ಚಿಕೊಂಡಳು. ಅವ್ವ ಪುಂಡಿನಾರಿನ ಕುಂಚ ಹಿಡಿದು ಬಾಗಿಲ ಸುತ್ತ, ಗೋಡೆಯ ಬುಡಕ್ಕೆ, ಕಟ್ಟೆಗೆ ಬಳಿದು ಮುಗಿಸಿದಳು. ಹಿಂದೆ ಸರಿದು ನಿಂತು ನೋಡಿ, ಓಣಿಯಲ್ಲಿ ಹೋಗುವವರಿಗೆಲ್ಲ ಕುಕನೂರಿನ ಹೆಸರು ಹೇಳಿದಳು. ಮಧ್ಯಾಹ್ನ ಗಿರಿಜೆ ನನ್ನನ್ನು ಕಣಜದ ಹಿಂದೆ ಕರೆದಳು.

"ಅತ್ತಿ ಹಚ್ಚಿದ್ದು ನನ್ನ ಗಡಿಗೀದು ರೀ! ಅದರಾಗ ಗಂಜಿ ಇತ್ತು. ಉಸರ ಬಿಟ್ಟೀರಿ ಮತ್ತ!"

ನಾವಿಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು. ಹೊರಗೆ ಹೊಸ ಕಾರಣಿ ಒಣಗುತ್ತಿತ್ತು. ನನಗೆ ಅದು ಹೋದ ವರ್ಷದ್ದರಂತೆಯೇ ಕಾಣುತ್ತಿತ್ತು.

ಹಬ್ಬದ ದಿನ ಮಾವನವರ ಬಂಡಿ ಬಂತು. ಅವರು ಇಳಿದವರೇ ಬಾಗಿಲಲ್ಲಿ ನಿಂತುಬಿಟ್ಟರು. ಕಾರಣಿಯನ್ನು ನೋಡಿದರು, ಬೆರಳಿನಿಂದ ಮುಟ್ಟಿ ಬೆರಳು ನೋಡಿಕೊಂಡರು. "ಇದು ನಮ್ಮ ಕಡೆ ಬಣ್ಣ ಇದ್ದಂಗ ಐತಲ್ರಿ," ಎಂದರು.

"ಎಲ್ಲೀದ್ರಿ ಬೀಗ್ರ!" ಎಂದಳು ಅವ್ವ ಥಟ್ಟನೆ. "ಇದು ನಮ್ಮ ಕುಕನೂರ ಹುರಮಂಜು. ಬರ್ರಿ, ಕೈಕಾಲು ತೊಳ್ಕೋರಿ."

ಅವರು ಮಗಳ ಕಡೆ ನೋಡಿದರು. ನೀರಿನ ಚರಿಗೆ ಹಿಡಿದು ನಿಂತಿದ್ದ ಗಿರಿಜೆ ನೆಲ ನೋಡುತ್ತಿದ್ದಳು. ಮುಖದ ತುಂಬ ನಗು, ಕಣ್ಣ ತುಂಬ ನೀರು. "ಹಂಗಾರ ಕುಕನೂರ ಮಣ್ಣೂ ಛಲೋ ಐತಿ ಬಿಡ್ರಿ," ಎಂದು ಮಾವನವರು ಒಳಗೆ ಬಂದರು. ಜೋಳದ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡು ಉಂಡರು. ಹೊರಡುವಾಗ ನನ್ನನ್ನು ಬಂಡಿಯ ಹತ್ತಿರ ಕರೆದು, "ಅಳಿಯಂದ್ರ, ಕರ್ಕೊಂಡು ಹೋಗೂಣಂತ ಬಂದಿದ್ದೆ. ಇರ್ಲಿ ಬಿಡ್ರಿ," ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಲ್ಲಿಯವರೆಗೆ ಅದು ಅಷ್ಟು ದೊಡ್ಡ ಕಲ್ಲೆಂದು ನನಗೂ ತಿಳಿದಿರಲಿಲ್ಲ.

ಆಮೇಲೆ ವರ್ಷವಿಡೀ ನಾವು ಗಂಡಹೆಂಡಿರಿಗೆ ಅದೊಂದು ಗುಟ್ಟಿನ ಸಂತೋಷವಾಯಿತು. ಬಾಗಿಲ ಮುಂದೆ ಕೂತು ಅವ್ವ ಯಾರಿಗಾದರೂ ಕುಕನೂರಿನ ಬಣ್ಣದ ಗುಣ ಹೇಳತೊಡಗಿದರೆ ಗಿರಿಜೆ ಒಳಗೆ ಓಡುತ್ತಿದ್ದಳು, ನಾನು ಕೆಮ್ಮುತ್ತಿದ್ದೆ. ಪಾಪ, ಅವ್ವನಿಗೆ ವಯಸ್ಸಾಯಿತು ಎಂದುಕೊಳ್ಳುತ್ತಿದ್ದೆವು.

ಮತ್ತೆ ಮಹಾನವಮಿ ಹತ್ತಿರ ಬಂತು. ಕುಕನೂರಿಗೆ ಹೇಳಿಕಳಿಸಲೇ ಎಂದು ನಾನೇ ಅವ್ವನನ್ನು ಕೇಳಿದೆ. ಆಕೆ ಕಟ್ಟೆಯ ಮೇಲೆ ಕೂತು ನಶ್ಯ ಏರಿಸುತ್ತಿದ್ದಳು.

"ಕುಕನೂರಿಗೆ ಯಾಕ?" ಎಂದಳು. "ಗಂಗಾವತಿ ಕಡೆ ಹೇಳಿಕಳಸು. ಬರೂಮುಂದ ನಮ್ಮ ಕುಕನೂರ ಹುರಮಂಜು ಒಂದು ಗಂಟು ತರ್ರಿ ಅಂತ ಬೀಗರಿಗೆ ಹೇಳು. ಈ ಸಲ ಗಂಜಿ ನಾನ ಕಾಸ್ತೀನಿ."

ಒಳಗೆ ಗಿರಿಜೆಯ ಕೈಯಿಂದ ಚರಿಗೆ ಬಿದ್ದ ಸಪ್ಪಳ ಕೇಳಿತು. ಅವ್ವ ಮೂಗು ಒರೆಸಿಕೊಂಡು ಓಣಿಯ ಕಡೆ ನೋಡುತ್ತ ಕೂತಳು.

ಈಗಲೂ ಎರಡು ಕೆಂಪುಗಳ ನಡುವಿನ ಭೇದ ನನಗೆ ತಿಳಿಯುವುದಿಲ್ಲ; ತಿಳಿಯದೆಯೇ ಸಂಸಾರ ಸಾಗಿದೆ. ನಿಮ್ಮ ಕಾರಣಿ ಯಾವ ಊರಿನದೆಂದು ಯಾರಾದರೂ ಕೇಳಿದರೆ ಕುಕನೂರಿನದು ಎನ್ನುತ್ತೇನೆ. ಅದು ಎಲ್ಲಿ ಸಿಗುತ್ತದೆಂದು ಕೇಳಿದರೆ ಗಂಗಾವತಿಯ ದಾರಿ ತೋರಿಸುತ್ತೇನೆ.