ಕುಮಟೆಯ ಕರಿಕನ್ನಡಕ

ಶಿರಾಲಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಕಾಲಲ್ಲಿ ಹೆಬಳೆಯ ಗೆಳೆಯನಿಂದ ಎರವಲು ತಂದ ಬೂಟು, ಕಿಸೆಯಲ್ಲಿ ತಂಗಿಗೆ ನೋಡಿದ ಕುಮಟೆಯ ವರನ ಫೋಟೋ. ಮುಂಬಯಿಯಲ್ಲಿ ಎರಡು ವರ್ಷ ಇದ್ದು ಬಂದವನಂತೆ. ಫೋಟೋದಲ್ಲಿ ಕೋಟು, ಟೈ, ಸಾಲದ್ದಕ್ಕೆ ಕರಿಕನ್ನಡಕ! ನನಗಂತೂ ನೋಡಿದೊಡನೆ ಮೈಯುರಿದಿತ್ತು.

"ಅಣ್ಣ, ಅವ ಶೋಕಿಯವ ಆದ್ರೆ ಮಾತು ಕೊಡಬೇಡ. ನಾ ಗಂಜಿ ಉಣ್ಣೂದು ನೋಡಿ ನಕ್ರೆ ಎಂತ ಮಾಡೂದು?" ಎಂದು ತಂಗಿ ಸಾವಿತ್ರಿ ಅಂಗಳದ ತುದಿಯವರೆಗೂ ಬಂದು ಹೇಳಿದ್ದಳು. ಅಪ್ಪನಿಲ್ಲದ ಮನೆ, ಮಾತು ಕೊಡಬೇಕಾದವನು ನಾನೇ.

ಹೊಳೆದಡದ ಕಾಸರಕೋಡಿನಲ್ಲಿ ಬಸ್ಸು ನಿಂತಿತು. ಆಗಿನ್ನೂ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ಶರಾವತಿ ದಾಟಿ ಹೊನ್ನಾವರದಲ್ಲಿ ಬೇರೆ ಬಸ್ಸು ಹಿಡಿಯಬೇಕು. ನೀರು ಇಳಿದಿತ್ತು, ಲಾಂಚು ದಡಕ್ಕೆ ಬರಲೊಲ್ಲದು. ಎಲ್ಲರೂ ಪಂಚೆ ಎತ್ತಿ ಕೆಸರಿಗಿಳಿದರು. ನಾನು ಬೂಟು ಬಿಚ್ಚಿ ಎದೆಗವಚಿಕೊಂಡೆ. "ಓ ಅಣ್ಣ, ಬೂಟು ನಿಮ್ಮನ್ನ ಹೊರೂದಾ, ನೀವು ಬೂಟನ್ನಾ?" ಎಂದು ಮೀನುಬುಟ್ಟಿಯ ಹೆಂಗಸು ನಕ್ಕಳು. ನನಗೂ ನಗು ಬಂತು.

ಕುಮಟೆ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ವರನ ಮನೆಯ ಬಾವಿಕಟ್ಟೆಯಲ್ಲಿ ಹಳೇ ಲುಂಗಿಯವನೊಬ್ಬ ನೀರು ಸೇದುತ್ತಿದ್ದ. ಮನೆಯಾಳೆಂದುಕೊಂಡು ವರನನ್ನು ಕೇಳಿದರೆ, "ನಾನೇ" ಎಂದ! ಅವನ ತಾಯಿ ಇಬ್ಬರಿಗೂ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಬಂಗಡೆ ಬಡಿಸಿದರು. ಅವನು ಸುರ್ರೆಂದು ಹೀರಿ ಉಂಡ.

ತಡೆಯಲಾಗದೆ ಕೇಳಿಯೇಬಿಟ್ಟೆ, "ಆ ಕರಿಕನ್ನಡಕ?"

ಅವನ ಮುಖ ಸಣ್ಣಗಾಯಿತು. "ಅದು ಸ್ಟುಡಿಯೋದ್ದು. ಕೋಟು, ಟೈ ಎಲ್ಲ ಅವರದ್ದೇ. ಗೋಡೆಗೆ ನೇತುಹಾಕಿರ್ತಾರೆ, ಯಾರು ಬಂದ್ರೂ ತೊಡಿಸಿ ಕೂರಿಸ್ತಾರೆ."

ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ತಾಯಿ ಅಳುಕುತ್ತ ಅಂದರು, "ನೀವು ಕಳಿಸಿದ ಫೋಟೋದಲ್ಲಿ ನೋಡಿದೆ, ನಿಮ್ಮ ತಂಗಿ ಕೈಗಡಿಯಾರ ಕಟ್ಟೂ ಹುಡುಗಿ. ನಮ್ಮಂಥವರ ಮನೇಲಿ ಬಾಳ್ತಾಳಾ ಅಂತ ನಂಗೆ ಹೆದರಿಕೆ."

"ಅಯ್ಯೋ ಅಮ್ಮ, ಅದೂ ಭಟ್ಕಳದ ಸ್ಟುಡಿಯೋದ್ದೇ! ಮುಳ್ಳು ತಿರುಗೂದೇ ಇಲ್ಲ. ಈ ಬೂಟೂ ನಂದಲ್ಲ!"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಲ್ಲೇ ಮಾತು ಕೊಟ್ಟೆ.

ಬೂಟನ್ನು ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಹಾಯಾಗಿ ಹೊಳೆ ದಾಟಿದೆ. ಶಿರಾಲಿಯಲ್ಲಿ ಸಾವಿತ್ರಿ ಅಂಗಳದಲ್ಲೇ ನಿಂತಿದ್ದಳು. "ಎಂತ ಆತು?"

"ಕನ್ನಡಕ ಸ್ಟುಡಿಯೋದ್ದಂತೆ. ಮಾತು ಕೊಟ್ಟು ಬಂದೆ."

ಅವಳ ಮುಖ ಅರಳಿತು, ಮರುಗಳಿಗೆಗೆ ಬಾಡಿತು. "ನನ್ನ ಗಡಿಯಾರದ್ದು ಹೇಳಿದ್ಯಾ?"

"ಹೇಳಿದೆ."

"ಅಬ್ಬಾ, ಬದುಕಿದೆ!" ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟಳು.