ಬಗ್ಗಬೇಡಿ ಎಂದು ನಾನೇ ಹೇಳಿದ್ದೆ

ಎರಡು ವರ್ಷದ ಹಿಂದಿನ ಮಾತು. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಕೆಲಸ ಮಾಡಿ, ಕೊನೆಗೆ ಚನ್ನಗಿರಿಯಲ್ಲಿ ನನ್ನದೇ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ತೆರೆದಿದ್ದೆ. ಇಪ್ಪತ್ತಾರು ವರ್ಷದ ಅನುಭವವಿತ್ತು, ಅದಕ್ಕೆ ತಕ್ಕ ಜಂಬವೂ ಇತ್ತು.

ಒಂದು ಬೆಳಿಗ್ಗೆ ಟೈಲರ್ ರಹಮತ್ ಮಾಸ್ಟರ್ ಬಂದರು. ವಯಸ್ಸು ಐವತ್ತೆಂಟು. ಎರಡು ಹೆಗಲ ಮೂಳೆಗಳ ನಡುವೆ ವರ್ಷದಿಂದ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂರು ತಿಂಗಳು ದಾಟಿಯೂ ಬಿಡದ ಇಂಥ ಮೇಲ್ಬೆನ್ನಿನ ನೋವನ್ನು ನಾವು ಕ್ರಾನಿಕ್ ಎನ್ನುತ್ತೇವೆ. ರಂಜಾನ್ ಹಬ್ಬಕ್ಕೆ ಎರಡೂವರೆ ತಿಂಗಳಿತ್ತು. ಅವರ ವರ್ಷದ ದೊಡ್ಡ ಹೊಲಿಗೆಯೆಲ್ಲ ಆ ಹಬ್ಬಕ್ಕೇ.

“ಈ ಸಲದ್ದು ಹೊಲಿಯಾಕೆ ಆಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಿಬಿಡ್ತೀನಿ ಮೇಡಂ,” ಎಂದರು. ಮೂವತ್ತೈದು ವರ್ಷದ ಅಂಗಡಿ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶಾಖ ಕೊಟ್ಟೆ, ವ್ಯಾಯಾಮ ಕಲಿಸಿದೆ, ಬಗ್ಗಬೇಡಿ ಎಂದೂ ಸೇರಿಸಿದೆ. ತಿಂಗಳಾಯಿತು, ನೋವು ಇಳಿಯುವ ಬದಲು ಏರಿತು. ವ್ಯಾಯಾಮ ತಪ್ಪಿಸುತ್ತಿದ್ದಾರೆಂದು ರೇಗಾಡಿದೆ. ಇಲ್ಲ ಎಂದರೂ ನಂಬದೆ, ಕಳ್ಳಾಟ ಹಿಡಿದೇ ಬಿಡೋಣವೆಂದು ಒಂದು ಮಧ್ಯಾಹ್ನ ಅಂಗಡಿಗೇ ಹೋದೆ.

ಅವರ ಹೆಂಡತಿ ಶಮೀಮಾ ಷರ್ಟಿಗೆ ಕಾಜಾ ಹಾಕುತ್ತಿದ್ದರು. ಆಜಾನ್ ಕೇಳಿಸಿತು. ಶಮೀಮಾ ತಂದುಕೊಟ್ಟ ನೀರಿನಲ್ಲಿ ಮಾಸ್ಟರ್ ಕೂತಲ್ಲೇ ಕೈಕಾಲು ಮುಖ ತೊಳೆದರು, ಸ್ಟೂಲಿನ ಮೇಲೆಯೇ ಪಶ್ಚಿಮಕ್ಕೆ ತಿರುಗಿ ನಮಾಜ್ ಮುಗಿಸಿದರು, ಮತ್ತೆ ಪೆಡಲ್ ತುಳಿದರು.

“ಮೊದ್ಲು ಅಂಗಡಿಯಿಂದ ದಿನಾ ಮೂರು ಸಲ ಮಸೀದಿಗೆ ನಡ್ಕಂಡು ಹೋಗ್ತಿದ್ರು,” ಎಂದರು ಶಮೀಮಾ. “ನೀವು ಬಗ್ಗಬ್ಯಾಡ್ರಿ ಅಂದ್ಮೇಲೆ ಎಲ್ಲಾ ಇಲ್ಲೇ ಕೂತು.”

ನಾಚಿಕೆಯಿಂದ ಕುಗ್ಗಿಹೋದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಈ ಮನುಷ್ಯ ಸ್ಟೂಲಿನಿಂದ ಏಳುತ್ತಿದ್ದುದೇ ಆ ಮೂರು ಸಲ. ಅದನ್ನೂ ನಾನೇ ಕಿತ್ತುಕೊಂಡಿದ್ದೆ.

“ತಪ್ಪು ನಂದು ಮಾಸ್ಟ್ರೇ. ಎದ್ದು ಮಸೀದಿಗೆ ಹೋಗ್ರಿ, ಬಗ್ಗ್ರಿ,” ಎಂದೆ.

“ನೆಲಕ್ಕೆ ಹಣೆ ಇಡಬೋದಾ?”

“ಇಡ್ರಿ. ಮೊದಲು ನಿಧಾನಕ್ಕೆ.”

ಅವರ ಕಣ್ಣು ತುಂಬಿತು. ನೋವಿಗಿಂತ ಅದನ್ನು ಬಿಟ್ಟಿದ್ದೇ ಅವರಿಗೆ ದೊಡ್ಡ ಸಂಕಟವಾಗಿತ್ತಂತೆ.

ಅಂದೇ, ತಗ್ಗಾಗಿದ್ದ ಮಿಷಿನ್ನಿನ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆವು. ಲಂಗಕ್ಕೆ ಹಾಕುವ ಅಗಲ ಎಲಾಸ್ಟಿಕ್ಕನ್ನು ಕಿಟಕಿ ಸರಳಿಗೆ ಕಟ್ಟಿ, ಎರಡೂ ಕೈಯಿಂದ ಹಿಂದಕ್ಕೆಳೆಯುವ ವ್ಯಾಯಾಮ ಕಲಿಸಿದೆ. ಎರಡನೇ ವಾರ ರಾತ್ರಿ ನೋವಿಲ್ಲದೆ ನಿದ್ದೆ ಬಂತು. ನಾಲ್ಕನೇ ವಾರ ನೋವಿನ ಮಾತ್ರೆ ನಿಂತಿತು. ಉಪವಾಸದ ದಿನಗಳಲ್ಲೂ ಮಿಷಿನ್ ಸದ್ದು ಮಾಡುತ್ತಲೇ ಇತ್ತು, ಮಾಸ್ಟರ್ ಆಗಾಗ ಎದ್ದು ಹೋಗುತ್ತಲೂ ಇದ್ದರು.

ಹಬ್ಬದ ದಿನ ಈದ್ಗಾದಿಂದ ನೇರ ನಮ್ಮ ಮನೆಗೆ ಬಂದರು, ಕೈಯಲ್ಲಿ ಸುರ್‌ಕುಂಬಾ ಪಾಯಸದ ಡಬ್ಬಿ. ಹೊಲಿಯಲು ಒಪ್ಪಿಕೊಂಡ ಒಂದು ಬಟ್ಟೆಯೂ ಬಾಕಿ ಉಳಿದಿರಲಿಲ್ಲ.

“ಅಂಗಡಿ ಮುಚ್ಚಲ್ಲ ಮೇಡಂ. ಇನ್ನೂ ಹತ್ತು ವರ್ಷ ಹೊಲೀತೀನಿ,” ಎಂದರು, ಈ ಸಲ ನನ್ನ ಮುಖ ನೋಡಿಯೇ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಈಗಲೂ ರೋಗಿಗಳಿಗೆ ಕೆಲವು ಸಲ ಬೇಡ ಎನ್ನಲೇಬೇಕಾಗುತ್ತದೆ. ಆದರೆ ಬೇಡ ಎನ್ನುವ ಮೊದಲು, ಆ ಕೆಲಸ ಬಿಟ್ಟರೆ ನಿಮ್ಮ ದಿನದಲ್ಲಿ ಏನು ಉಳಿಯುತ್ತದೆ ಎಂದು ಕೇಳುತ್ತೇನೆ.